ಬರೀ ಒಂದು ‘ರೀ’

ನಮ್ಮ ಕಡೆ ‘ರಿ’ಗೆ ಬರವಿಲ್ಲ. ಬಸ್ಸಿನ ಕಂಡಕ್ಟರನಿಗೆ, ಮೊಸರು ಮಾರುವವಳಿಗೆ, ಬ್ಯಾಂಕಿನಲ್ಲಿ ನಮ್ಮನ್ನು ಮೂರು ಸಲ ಅಲೆಸಿದ ಗುಮಾಸ್ತನಿಗೆ, ಎಲ್ಲರಿಗೂ ಮಾತಿನ ತುದಿಗೊಂದು ‘ರಿ’ ಅಂಟಿಸಿಯೇ ಕೊಡುತ್ತೇವೆ. ಜಗಳಕ್ಕೆ ನಿಂತಾಗಲೂ ಬಿಡುವುದಿಲ್ಲ. ‘ನಿಮಗ ತಲಿ ಕೆಟ್ಟೈತೇನ್ರಿ’ ಎಂದು ಮರ್ಯಾದೆಯಿಂದಲೇ ಬೈಯುತ್ತೇವೆ. ಆದರೆ ಹಿಂದೆ ಮುಂದೆ ಏನೂ ಇಲ್ಲದ, ಅಡುಗೆಮನೆಯಿಂದ ಪಡಸಾಲೆಯ ಕಡೆಗೆ ಮುಖ ಮಾಡಿ ಕೂಗುವ ಬರೀ ‘ರೀ’ ಇದೆಯಲ್ಲ, ಅದು ಬೇರೆ. ಅದು ಒಬ್ಬ ಮನುಷ್ಯನಿಗೆ ಮಾತ್ರ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎಂದು ಬೆಳೆದ ನನ್ನಂಥವರಿಗೆ ಅದೇ ಅವನ ಹೆಸರು.

ನನಗೆ ನಲವತ್ನಾಲ್ಕು ವರ್ಷವಾಗಿದ್ದಾಗ ಆ ಹೆಸರು ಹೋಯಿತು. ಬನಹಟ್ಟಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು. ಅವರು ಬೆಳಿಗ್ಗೆ ಎರಡನ್ನೂ ಚಾಲೂ ಮಾಡಿ, ನಾಷ್ಟಾಕ್ಕೆಂದು ಒಳಗೆ ಬಂದು ಕುಳಿತವರು ‘ಎದಿ ಹಿಡದಂಗ ಆಗೇತಿ’ ಎಂದರು. ಅಷ್ಟೇ. ಆಸ್ಪತ್ರೆಯಿಂದ ಅವರನ್ನು ಮನೆಗೆ ತಂದಾಗ ಒಂದು ಮಗ್ಗ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಅದನ್ನು ಆರಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ನಾನೇ ಹೋಗಿ ಗುಂಡಿ ಒತ್ತಿದೆ.

ಮೂರನೆಯ ತಿಂಗಳಲ್ಲಿ ಒಂದು ದಿನ ಉಪ್ಪಿನಕಾಯಿ ಬರಣಿಯ ಮುಚ್ಚಳ ಬಿಗಿದುಕೊಂಡಿತ್ತು. ಸೆರಗಿನಿಂದ ಹಿಡಿದು ತಿರುಗಿಸಿದೆ, ಬರಲಿಲ್ಲ. ‘ರೀ’ ಎಂದು ಕೂಗಿದೆ. ಕೂಗಿದ ಮೇಲೆ ಬರಣಿ ಹಿಡಿದುಕೊಂಡು ಹಾಗೆಯೇ ನಿಂತೆ. ಯಾರಾದರೂ ಕೇಳಿಸಿಕೊಂಡರೋ ಎಂದು ಮೊದಲು ನಾಚಿಕೆಯಾಯಿತು. ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಆ ಉಪ್ಪಿನಕಾಯಿಯನ್ನು ನಾನು ತಿನ್ನಲೇ ಇಲ್ಲ. ಬರಣಿ ಸಮೇತ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ.

ಮಗ್ಗಗಳನ್ನು ಮೈದುನ ಒಯ್ದ. ನಾನೇ ಒಯ್ಯಿ ಎಂದೆ. ಅವುಗಳ ಸದ್ದು ಬೇಡವಾಗಿತ್ತು. ಒಯ್ದ ಮೇಲೆ ಸದ್ದಿಲ್ಲದ ಮನೆ ಅದಕ್ಕಿಂತ ಕೆಟ್ಟದ್ದು ಎಂದು ತಿಳಿಯಿತು. ನೆಲದಲ್ಲಿ ಬೋಲ್ಟು ಕಿತ್ತ ತೂತುಗಳು ಉಳಿದವು. ಕಸ ಗುಡಿಸುವಾಗ ಪೊರಕೆ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸಿಮೆಂಟು ತುಂಬಿಸಿ ಎಂದು ಎಲ್ಲರೂ ಹೇಳಿದರು. ನಾನು ತುಂಬಿಸಲಿಲ್ಲ, ಯಾಕೆ ಎಂದು ಕೇಳಿದವರಿಗೆ ‘ನನ್ನ ಮನಿ, ನನ್ನ ತೂತು’ ಎಂದು ಬಾಯಿ ಮುಚ್ಚಿಸಿದೆ.

ಮನೆಯಲ್ಲಿ ಕೂರಲಾರದೆ ಕೆಚ್ಚುವ ಕೆಲಸಕ್ಕೆ ಹೋಗತೊಡಗಿದೆ. ಮಗ್ಗದ ಮೇಲಿನ ಉದ್ದೆಳೆಗಳ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ಕುಳಿತರೆ ಮಧ್ಯಾಹ್ನವಾದದ್ದು ಗೊತ್ತಾಗುವುದಿಲ್ಲ. ಎದುರಿಗೆ ಇನ್ನೊಬ್ಬಳು ಕುಳಿತಿದ್ದರೂ ಮಾತಾಡುವ ಹಾಗಿಲ್ಲ, ಎಣಿಕೆ ತಪ್ಪುತ್ತದೆ. ನನಗೆ ಅದೇ ಬೇಕಾಗಿತ್ತು. ಸಂಜೆ ಮನೆಗೆ ಬಂದು ಎರಡು ರೊಟ್ಟಿ ಬಡಿದುಕೊಂಡು, ಟಿವಿಯಲ್ಲಿ ಯಾರದೋ ಮನೆಯ ಅತ್ತೆ ಸೊಸೆ ಕಿತ್ತಾಡುವುದನ್ನು ನೋಡುತ್ತ ಉಣ್ಣುತ್ತಿದ್ದೆ. ಒಬ್ಬಳೇ ಮಗಳು ಬೀಳಗಿಯಲ್ಲಿ. ಅವಳ ಗಂಡ ಒಳ್ಳೆಯವನು, ಅವಳ ಮನೆ ಅವಳಿಗೆ. ವಾರಕ್ಕೆ ಎರಡು ಸಲ ಫೋನು ಮಾಡಿ ‘ಉಂಡೀ ಏನ ಬೇ’ ಎಂದು ಕೇಳುತ್ತಿದ್ದಳು. ಉಂಡೆ ಎನ್ನುತ್ತಿದ್ದೆ. ಒಮ್ಮೊಮ್ಮೆ ಉಂಡಿರುತ್ತಿರಲಿಲ್ಲ.

ಹೀಗೆ ಎರಡು ವರ್ಷ. ಮನೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ಅಳಿಯ ಮೂರು ನಾಲ್ಕು ಸಲ ಹೇಳಿದ ಮೇಲೆ ಕಾಗದಗಳ ಚೀಲ ಹಿಡಿದುಕೊಂಡು ಜಮಖಂಡಿಗೆ ಹೋದೆ. ಕೋರ್ಟಿನ ಎದುರು ಕಾಗದಪತ್ರ ಬರೆದುಕೊಡುವ ಬಾಂಡ್ ರೈಟರುಗಳ ಅಂಗಡಿಗಳ ಸಾಲಿದೆ. ಒಂದೊಂದು ಅಂಗಡಿಯೂ ಒಂದು ಮೇಜು, ಒಂದು ಕಂಪ್ಯೂಟರು, ಎರಡು ಕುರ್ಚಿ ಹಿಡಿಸುವಷ್ಟು. ತುದಿಯ ಅಂಗಡಿಯಲ್ಲಿ ಜನ ಕಡಿಮೆ ಇದ್ದರು ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋದೆ. ಅಲ್ಲಿದ್ದವರು ನನಗಿಂತ ಏಳೆಂಟು ವರ್ಷ ದೊಡ್ಡವರು. ಕನ್ನಡಕದ ಒಂದು ಕಾಲು ಮುರಿದಿತ್ತು, ಅದಕ್ಕೆ ಬಿಳಿ ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಂಡಿದ್ದರು. ಇಂಥವರು ನನ್ನ ಕಾಗದ ಏನು ನೆಟ್ಟಗೆ ಮಾಡುತ್ತಾರೆ ಎಂದುಕೊಂಡೆ.

ಅವರು ಮನೆಯ ಉತಾರ, ಅಂದರೆ ಆಸ್ತಿಯ ದಾಖಲೆ, ಮೊದಲಾಗಿ ನನ್ನ ಕಾಗದಗಳನ್ನು ಒಂದೊಂದಾಗಿ ಹರಡಿದರು.

‘ಉತಾರದಾಗ ನಿಮ್ಮ ಯಜಮಾನರ ಹೆಸರು ಒಂದ ಥರಾ ಐತ್ರಿ. ಆಧಾರದಾಗ ಇನ್ನೊಂದ ಥರಾ. ಮರಣದ ದಾಖಲೇದಾಗ ಮತ್ತೊಂದ. ಮೂರೂ ಒಬ್ಬರ ಹೆಸರ ಅಂತ ಅಫಿಡವಿಟ್ ಮಾಡಬೇಕಾಗತೈತ್ರಿ. ಖರೇ ಹೆಸರು ಯಾವದ್ರಿ?’

‘ಅದ, ಮ್ಯಾಲಿಂದ್ರಿ’ ಎಂದು ಬೆರಳು ತೋರಿಸಿದೆ.

‘ತೋರಿಸಿದ್ರ ಆಗಂಗಿಲ್ರಿ. ಇಲ್ಲಿ ಅಕ್ಷರ ತಪ್ಪೈತಿ. ನೀವ ಬಾಯಿಬಿಟ್ಟ ಹೇಳ್ರಿ, ನಾ ಹಂಗ ಬರೀತೀನಿ.’

ಬಾಯಿ ಬಿಟ್ಟೆ, ಏನೂ ಬರಲಿಲ್ಲ. ಇಪ್ಪತ್ಮೂರು ವರ್ಷ ಸಂಸಾರ ಮಾಡಿದ್ದೆ. ಆ ಹೆಸರನ್ನು ನೆಟ್ಟಗೆ, ಸೊಟ್ಟಗೆ, ಹೇಗೂ ಹೇಳಿರಲಿಲ್ಲ. ಹೇಳಿದ್ದರೆ ಒಡಪಿನಲ್ಲಿ ಮಾತ್ರ. ಮದುವೆ, ಸೀಮಂತ, ಮನೆಪ್ರವೇಶ ಅಂತ ಹೆಂಗಸರು ಸೇರಿದಲ್ಲಿ ‘ಒಡಪು ಹಾಕು, ಗಂಡನ ಹೆಸರ ಹೇಳು’ ಎಂದು ದಾರಿ ಅಡ್ಡಗಟ್ಟುತ್ತಾರಲ್ಲ, ಆಗ ಪ್ರಾಸದ ಮಧ್ಯೆ ಹೆಸರನ್ನು ತೂರಿಸಿ ಹೇಳಿ ಪಾರಾಗುವುದು. ನನ್ನ ಒಡಪನ್ನು ಕಟ್ಟಿಕೊಟ್ಟವರು ನನ್ನ ಅತ್ತೆ. ಈಗ ಆ ಕುರ್ಚಿಯ ಮೇಲೆ ಕುಳಿತು, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ, ಬೇರೆ ದಾರಿ ಕಾಣದೆ ತಲೆ ತಗ್ಗಿಸಿ ಅದನ್ನೇ ಹೇಳಿದೆ.

‘ಹಾಸಿನೊಳಗ ಹೊಕ್ಕು ಕೂಡಿ ಸೀರಿ ಆತು ಪೂರಾ, ——ರ ಹೆಸರ ಹೇಳಿದ್ರ ನನ್ನ ಸಂಸಾರದ ಭಾರ ಹಗುರಾ.’

ಹೆಸರಿದ್ದ ಜಾಗವನ್ನು ಇಲ್ಲಿ ಖಾಲಿ ಬಿಟ್ಟಿದ್ದೇನೆ. ಬರೆಯುವುದೂ ಹೇಳಿದ ಹಾಗೆಯೇ.

ಪಕ್ಕದ ಅಂಗಡಿಯಲ್ಲಿ ನಿಂತಿದ್ದ ಒಬ್ಬ ಕರಿಕೋಟಿನವನು ಫಕ್ಕನೆ ನಕ್ಕ. ಕಾಯುತ್ತಿದ್ದವರೂ ನಕ್ಕರು. ವಿಧವೆಯೊಬ್ಬಳು ಕೋರ್ಟಿನ ಮುಂದೆ ಒಡಪು ಹಾಕಿದರೆ ನಗು ಬಾರದೇ ಇರುತ್ತದೆಯೆ? ಆದರೆ ದಾರ ಕಟ್ಟಿದ ಕನ್ನಡಕದವರು ನಗಲಿಲ್ಲ. ಹೆಸರನ್ನು ಅಕ್ಷರ ಅಕ್ಷರವಾಗಿ ಕಂಪ್ಯೂಟರಿಗೆ ಹಾಕಿದರು. ಪರದೆಯನ್ನು ನನ್ನ ಕಡೆ ತಿರುಗಿಸಿ ‘ಬರೋಬ್ಬರಿ ಐತೇನ್ರಿ?’ ಎಂದರು. ಹೂಂ ಎಂದೆ.

‘ನಾ ಹೆಸರಷ್ಟ ತಗೊಂಡೀನ್ರಿ. ಉಳಿದದ್ದು ನಿಮ್ಮ ಹತ್ರ ಇರಲಿ’ ಎಂದರು.

ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಅಳು ಬಂತು. ನಕ್ಕವರಿಗಾಗಿ ಅಲ್ಲ. ಎರಡು ವರ್ಷದಿಂದ ಎಲ್ಲರೂ ನನಗೆ ಸಮಾಧಾನ ಹೇಳಿದ್ದರು. ನನ್ನ ಹತ್ತಿರ ಏನೋ ಉಳಿದಿದೆ ಎಂದು ಹೇಳಿದವರು ಇವರೊಬ್ಬರೇ.

ಸರಕಾರಿ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆಯೆ? ಒಂದು ಸಹಿಗೆ ಒಂದು ದಿನ, ಒಂದು ಠಸ್ಸೆಗೆ ಒಂದು ದಿನ. ಐದಾರು ಸಲ ಹೋದೆ. ಅವರು ಮುಧೋಳದವರು, ದಿನಾ ಬಸ್ಸಿಗೆ ಬಂದು ಹೋಗುತ್ತಾರೆ; ಹೆಂಡತಿ ತೀರಿ ನಾಲ್ಕು ವರ್ಷ, ಮಕ್ಕಳಿಲ್ಲ, ಊಟ ಖಾನಾವಳಿಯಲ್ಲಿ. ಇಷ್ಟೂ ಅವರು ಹೇಳಿದ್ದಲ್ಲ, ನಾನು ಪಕ್ಕದ ಅಂಗಡಿಯವರಿಂದ ಕೇಳಿಕೊಂಡದ್ದು. ಹೆಸರು ಹಿಡಿದೇ ಕೇಳಿದೆ. ಅವರ ಹೆಸರು ನನಗೆ ಸಲೀಸಾಗಿ ಬರುತ್ತಿತ್ತು. ‘——ರು ಬಂದಾರೇನ್ರಿ?’ ಎಂದು ದೂರದಿಂದಲೇ ಕೂಗಿ ಕೇಳುತ್ತಿದ್ದೆ. ಫೋನಿನಲ್ಲಿ ಅದೇ ಹೆಸರಿಟ್ಟುಕೊಂಡಿದ್ದೆ. ಪರಗಂಡಸಿನ ಹೆಸರಿಗೆ ಏನು ಅಡ್ಡಿ?

ಕಾಗದದ ಕೆಲಸ ಮುಗಿದ ಮೇಲೂ ಜಮಖಂಡಿಯಲ್ಲಿ ನನಗೆ ಕೆಲಸಗಳು ಹುಟ್ಟಿಕೊಳ್ಳತೊಡಗಿದವು. ಬನಹಟ್ಟಿಯಲ್ಲಿ ಸಿಗದ ಯಾವ ಸಾಮಾನು ಜಮಖಂಡಿಯಲ್ಲಿ ಸಿಗುತ್ತದೆ ಎಂದು ಈಗ ಕೇಳಿದರೆ ಹೇಳಲಾರೆ. ಆಗ ಮಾತ್ರ ದೊಡ್ಡ ಪಟ್ಟಿಯೇ ಇತ್ತು. ಬೀಳಗಿಗೆ ಮಗಳಲ್ಲಿಗೆ ಹೋಗುವಾಗಲೂ ಬರುವಾಗಲೂ ಅಲ್ಲೇ ಬಸ್ಸು ಬದಲಿಸಬೇಕು. ಅವರು ಅಂಗಡಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೂ ನಾನು ಬನಹಟ್ಟಿ ಬಸ್ಸಿಗೆ ಕಾಯುವ ಹೊತ್ತಿಗೂ ಹೇಗೋ ಹೊಂದಿಕೆಯಾಗುತ್ತಿತ್ತು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಬೆಂಚಿನ ಮೇಲೆ ಕೂರುತ್ತಿದ್ದೆವು. ಮಾತು ಹೆಚ್ಚಿರಲಿಲ್ಲ. ಅವರದು ಒಂದು ಗುಣ, ಎದುರಿನವರು ಮಾತು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತಾರೆ, ಇನ್ನೇನಾದರೂ ಬರೆಸುವುದಿದೆಯೋ ಎನ್ನುವ ಹಾಗೆ. ಹೀಗೆ ಕಾದರೆ ಎಂಥವರೂ ನಿಜ ಹೇಳಿಬಿಡುತ್ತಾರೆ. ಉಪ್ಪಿನಕಾಯಿ ಬರಣಿಯ ಸಂಗತಿಯನ್ನು ನಾನು ಅವರಿಗೆ ಹೇಳಿದೆ, ಬೇರೆ ಯಾರಿಗೂ ಹೇಳಿರಲಿಲ್ಲ.

ಮೂರು ವರ್ಷ ಹೀಗೇ ಹೋಯಿತು. ಒಂದು ಸಂಜೆ ಅವರು ಇದ್ದಕ್ಕಿದ್ದಂತೆ ಕೇಳಿದರು.

‘ದಿನಾ ಎಷ್ಟ ರೊಟ್ಟಿ ಬಡೀತೀರ್ರಿ?’

‘ಎರಡ.’

‘ನನಗ ಮೂರ ಬೇಕಾಗತಾವ್ರಿ.’

ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ‘ಯಾಕ, ಖಾನಾವಳ್ಯಾಗ ಕೊಡಂಗಿಲ್ಲೇನ್ರಿ?’ ಎಂದೆ.

‘ಕೊಡತಾರ್ರಿ. ಕೇಳಿದಷ್ಟ ಕೊಡತಾರ. ಸಾಕ ಅಂದ್ರ ಸಾಕ ಮಾಡತಾರ. ಇನ್ನೊಂದ ಹಾಕೋರಿ ಅಂತ ಜುಲುಮಿ ಮಾಡೋರು ಇಲ್ರಿ’ ಎಂದರು. ಮುಧೋಳದ ಬಸ್ಸು ಬಂತು. ಎದ್ದು ಹೋದರು.

ಆ ವಾರವೇ ಬೀಳಗಿಗೆ ಹೋಗಿ ಇವರ ಜೊತೆ ಮದುವೆಯ ಮಾತನ್ನು ಮಗಳಿಗೆ ಹೇಳಿದೆ. ಮೆಂತೆಸೊಪ್ಪು ಸೋಸುತ್ತ ಕುಳಿತಿದ್ದಳು. ನಾನು ಹೇಳಿ ಮುಗಿಸುವವರೆಗೂ ಸೋಸುತ್ತಲೇ ಇದ್ದಳು, ಎಲೆಯನ್ನು ಕಸದಲ್ಲೂ ಕಡ್ಡಿಯನ್ನು ಬುಟ್ಟಿಯಲ್ಲೂ ಹಾಕುತ್ತಿದ್ದಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅದಕ್ಕೆ ತಯಾರಾಗಿಯೇ ಹೋಗಿದ್ದೆ.

‘ಹಂಗಾರ ಅಪ್ಪನ ಹೆಸರ ಎಲ್ಲಿ ಇಡತಿ ಯವ್ವಾ?’ ಎಂದಳು.

ಆಧಾರದಲ್ಲಿ, ರೇಶನ್ ಕಾರ್ಡಿನಲ್ಲಿ, ಮನೆಯ ಉತಾರದಲ್ಲಿ ನನ್ನ ಹೆಸರಿನ ಹಿಂದೆ ಇದ್ದ ಹೆಸರನ್ನು ಅವಳು ಕೇಳುತ್ತಿದ್ದಾಳೋ, ನನ್ನೊಳಗಿನದನ್ನು ಕೇಳುತ್ತಿದ್ದಾಳೋ ತಿಳಿಯಲಿಲ್ಲ. ಮರುದಿನದ ಮೊದಲ ಬಸ್ಸಿಗೆ ವಾಪಸು ಬಂದೆ. ಜಮಖಂಡಿಯಲ್ಲಿ ಇಳಿದು, ಕೋರ್ಟಿನ ಕಡೆ ನೋಡದೆ ಬನಹಟ್ಟಿ ಬಸ್ಸು ಹತ್ತಿದೆ. ಅವರಿಗೆ ಫೋನಿನಲ್ಲಿ ‘ಆಗಂಗಿಲ್ರಿ’ ಎಂದೆ. ‘ಆತ್ರಿ’ ಎಂದರು. ಯಾಕೆ ಎಂದು ಕೇಳಲಿಲ್ಲ. ಕೇಳಬಾರದಿತ್ತೆ ಎಂದು ನನಗೆ ಸಿಟ್ಟು ಬಂತು.

ಆಮೇಲಿನ ಏಳು ತಿಂಗಳು ಗಂಡ ತೀರಿದ ಮೊದಲ ವರ್ಷಕ್ಕಿಂತ ಕೆಟ್ಟದಾಗಿ ಹೋದವು. ಆಗ ಎಲ್ಲರಿಗೂ ಗೊತ್ತಿದ್ದ ದುಃಖ, ಬಂದು ಕೂರುವವರಿದ್ದರು. ಇದು ಯಾರಿಗೂ ಹೇಳಲಾರದ್ದು. ಕೆಚ್ಚಲು ಕುಳಿತರೆ ಎಣಿಕೆ ತಪ್ಪುತ್ತಿತ್ತು. ಒಂದು ಸಲ ಇಡೀ ಬೆಳಗಿನ ಕೆಲಸ ಬಿಚ್ಚಿ ಮತ್ತೆ ಕೂಡಿಸಬೇಕಾಯಿತು. ಮಗ್ಗದ ಮಾಲಕ ‘ಏನವ್ವಾ, ಕಣ್ಣ ಮಂಜಾತೇನ?’ ಎಂದು ಚೇಷ್ಟೆ ಮಾಡಿದ. ಒಂದೇ ಒಂದು ಆಸರೆ ಇತ್ತು. ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ಅವರ ಒಂದು ಮಿಸ್ ಕಾಲ್ ಬರುತ್ತಿತ್ತು. ಒಂದೇ ರಿಂಗು. ನಾನು ಎತ್ತುತ್ತಿರಲಿಲ್ಲ, ತಿರುಗಿ ಮಾಡುತ್ತಿರಲಿಲ್ಲ. ಆದರೆ ರವಿವಾರ ಒಂಬತ್ತೂವರೆಗೆ ಎಲ್ಲ ಕೆಲಸ ಬಿಟ್ಟು ಫೋನಿನ ಮುಂದೆ ಕುಳಿತಿರುತ್ತಿದ್ದೆ. ರಿಂಗಾದ ಮೇಲೆ ಎದ್ದು ತಲೆ ಬಾಚಿಕೊಳ್ಳುತ್ತಿದ್ದೆ.

ಒಂದು ರವಿವಾರ ರಿಂಗಾಗಲಿಲ್ಲ. ಹನ್ನೊಂದಾಯಿತು. ಹನ್ನೆರಡಾಯಿತು. ಫೋನಿನ ಚಾರ್ಜು ನೋಡಿದೆ. ಪಕ್ಕದ ಮನೆಯವಳಿಂದ ನನ್ನ ನಂಬರಿಗೆ ಮಾಡಿಸಿ ನೋಡಿದೆ, ಬಂತು. ಮಾನ ಬಿಟ್ಟು ನಾನೇ ಅವರಿಗೆ ಫೋನು ಹಚ್ಚಿದೆ, ಬಂದ್ ಆಗಿದೆ ಎಂದಿತು. ನಾಷ್ಟಾಕ್ಕೆಂದು ಕುಳಿತವರು ಎದೆ ಹಿಡಿದುಕೊಂಡದ್ದು ಕಣ್ಣ ಮುಂದೆ ಬಂತು. ಇವರಿಗೆ ಹಾಗೇನಾದರೂ ಆದರೆ ಅಲ್ಲಿ ಮಗ್ಗ ಆರಿಸುವವರೂ ಇಲ್ಲ ಎನ್ನಿಸಿತು.

ಸೋಮವಾರ ಮೊದಲ ಬಸ್ಸಿಗೆ ಜಮಖಂಡಿಗೆ ಹೋದೆ. ಅಂಗಡಿಗಳು ಆಗತಾನೆ ತೆರೆಯುತ್ತಿದ್ದವು. ತುದಿಯ ಅಂಗಡಿಯ ಮುಂದೆ ಅವರು ನೆಟ್ಟಗೆ ನಿಂತು ಮೇಜಿನ ಧೂಳು ಝಾಡಿಸುತ್ತಿದ್ದರು. ಮೈಯಲ್ಲಿ ಇಸ್ತ್ರಿ ಅಂಗಿ ಬೇರೆ.

‘ಫೋನಿಗೇನ ಆಗೇತ್ರಿ?’ ಎಂದೆ.

‘ಬಕೀಟಿನ್ಯಾಗ ಬಿತ್ತ್ರಿ. ಅಕ್ಕಿಯೊಳಗ ಇಟ್ಟೀನಿ, ಒಣಗಲಿ ಅಂತ.’

‘ಅಕ್ಕಿಯೊಳಗ ಇಟ್ಟೀರಿ! ಮನುಷ್ಯಾ ಅದಾನೋ ಸತ್ತಾನೋ ಅಂತ ಇಲ್ಲಿ ಒಬ್ಬಾಕಿ ನೀರ ಬಿಟ್ಟ ಕುಂತಾಳ, ನೀವು ಫೋನ ಅಕ್ಕಿಯೊಳಗ ಇಟ್ಟ ಆರಾಮ ಅದೀರಿ. ಮಂದಿ ಫೋನ ಇರಲಿಲ್ಲೇನ್ರಿ? ಖಾನಾವಳಿಯವರ ಫೋನ ಇರಲಿಲ್ಲೇನು? ಅಕ್ಷರಾ ಕಲ್ತೀರಿ, ತಾಲೂಕಿಗೆಲ್ಲಾ ಕಾಗದಾ ಬರದ ಕೊಡತೀರಿ, ಇಷ್ಟ ತಿಳೀಲಿಲ್ಲಾ ನಿಮಗ?’

ಇನ್ನೂ ಏನೇನೋ ಎಂದೆ. ಬಾಂಡ್ ರೈಟರುಗಳ ಸಾಲಿಗೆ ಸಾಲೇ ಕೆಲಸ ನಿಲ್ಲಿಸಿ ನೋಡುತ್ತಿತ್ತು. ಅಂದು ನಕ್ಕಿದ್ದ ಕರಿಕೋಟಿನವನೂ ಇದ್ದ. ಈ ಸಲ ಅವನು ನಗಲಿಲ್ಲ. ಉಸಿರು ಸಾಲದೆ ನಾನು ನಿಂತೆ. ಅವರು ಎಂದಿನಂತೆ ಸ್ವಲ್ಪ ಹೊತ್ತು ಕಾದರು.

‘ಇನ್ನೊಂದೀಟ ಬೈರಿ’ ಎಂದರು. ‘ಯಾರೂ ಬೈದ ಭಾಳ ವರ್ಷಾತ್ರಿ.’

ಅವರ ಕಣ್ಣು ತುಂಬಿತ್ತು. ನಾನು ಆ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಕುಳಿತುಬಿಟ್ಟೆ. ಆ ಮನುಷ್ಯ ನನಗೆ ಬೇಕಾಗಿತ್ತು. ಅದನ್ನು ಇನ್ನು ಯಾರಿಂದ ಮುಚ್ಚಿಡುವುದು, ಇಡೀ ಕೋರ್ಟಿನ ಮುಂದೆ ಹೇಳಿಯಾಗಿತ್ತು.

ಅಲ್ಲೇ ಮದುವೆಯ ಮಾತೂ ಆಯಿತು. ಈ ಸುದ್ದಿ ನನಗಿಂತ ಮೊದಲೇ ರಬಕವಿಗೆ ಮುಟ್ಟಿತ್ತು. ಅಲ್ಲಿ ನನ್ನ ನಾದಿನಿ, ತೀರಿದವರ ಅಕ್ಕ, ಇದ್ದಾರೆ. ನಾಲಿಗೆ ಹರಿತ. ಅವರು ಬರುತ್ತಾರೆಂದು ತಿಳಿದಾಗ ಬೈಸಿಕೊಳ್ಳಲು ಸೆರಗು ಹೊದ್ದು ಕುಳಿತೆ. ಬಂದವರೇ ಚೀಲದಿಂದ ಒಂದು ಸೀರೆ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. ಹಸಿರು ಒಡಲು, ಕೆಂಪು ದಡಿ.

‘ನಮ್ಮ ಮನಿ ಮಗ್ಗದ್ದು. ಉಡಿಕಿಗೆ ಗಂಡಿನವರು ಸೀರಿ ತರಬೇಕಂತ. ಅವರು ಏನಾರ ತರಲಿ, ನೀ ಇದನ್ನ ಉಡು’ ಎಂದರು.

ಉಡಿಕಿ ಎಂದರೆ ನಮ್ಮಲ್ಲಿ ವಿಧವೆಯ ಮರುಮದುವೆ. ಸೀರೆ ಉಡಿಸಿದರೆ ಮುಗಿಯಿತು. ಹಿಂದೆಲ್ಲ ಹೊತ್ತು ಮುಳುಗಿದ ಮೇಲೆ ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು, ಮುತ್ತೈದೆಯರು ಆ ಕಡೆ ಸುಳಿಯುತ್ತಿರಲಿಲ್ಲ. ಆ ಶಬ್ದ ಕೇಳಿದರೆ ನನಗೆ ಈಗಲೂ ಮುಖ ಬಿಗಿಯುತ್ತದೆ.

‘ಅಕ್ಕಾರ, ಮಂದಿ ಏನ ಅಂತಾರ್ರಿ?’

‘ಮಂದೀಗೆ ಊಟಕ್ಕ ಹೇಳೀನಿ. ನಮ್ಮ ಮನ್ಯಾಗ, ಹಗಲ ಹನ್ನೆರಡಕ್ಕ. ಅನ್ನಾವರು ಬಂದ, ಉಂಡ, ಅನ್ಲಿ’ ಎಂದರು. ಆಮೇಲೆ ಗೋಡೆಯ ಮೇಲಿದ್ದ ತಮ್ಮನ ಫೋಟೋ ನೋಡುತ್ತ, ‘ಅವ ಇದ್ದಾಗ ನೀ ಬಾಯಿ ಮಾಡೂದು ರಬಕವಿತನಕ ಕೇಳತಿತ್ತು. ಐದ ವರ್ಷಾತು, ನಿನ್ನ ದನೀನ ಕೇಳಿಲ್ಲ’ ಎಂದರು.

ರಿಜಿಸ್ಟರ್ ಆಫೀಸಿನಲ್ಲಿ ಸಹಿ ಮಾಡಿ ರಬಕವಿಗೆ ಬಂದೆವು. ಮಗಳು ಬಂದಿದ್ದಳು. ಬಂದವಳು ಬೆಳಗಿನಿಂದ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು. ಕೂರು ಎಂದರೆ ‘ಇರಲಿ’ ಎನ್ನುತ್ತಿದ್ದಳು. ಹದಿನೈದಿಪ್ಪತ್ತು ಜನ. ಮುಧೋಳದವರ ಕೈಯಿಂದ ನಾದಿನಿ ನನಗೆ ಸೀರೆ ಕೊಡಿಸಿದರು, ತಾಳಿ ಕಟ್ಟಿಸಿದರು. ಎಲೆ ಹಾಕುವ ಮೊದಲು ಹೆಂಗಸರು ಬಿಡಲಿಲ್ಲ. ಐವತ್ತಾದರೇನು, ಮದುವಣಗಿತ್ತಿ ಮದುವಣಗಿತ್ತಿಯೇ. ‘ಒಡಪು ಹಾಕ್ರಿ, ಒಡಪು ಹಾಕ್ರಿ’ ಎಂದು ಚಪ್ಪಾಳೆ ತಟ್ಟಿದರು.

ನಾನು ಹೊಸದನ್ನು ಕಟ್ಟಿಕೊಂಡಿರಲಿಲ್ಲ. ಹಳೆಯದಕ್ಕೇ ಹೊಸ ಹೆಸರು ಹಾಕಿದರಾಯಿತು ಎಂದುಕೊಂಡೆ. ‘ಹಾಸಿನೊಳಗ ಹೊಕ್ಕು ಕೂಡಿ’ ಎಂದು ಶುರು ಮಾಡಿದೆ. ಬಾಯಿಗೆ ಆ ದಾರಿ ಎಷ್ಟು ರೂಢಿಯಾಗಿತ್ತೆಂದರೆ ನಾನು ತಡೆಯುವ ಮೊದಲೇ ಅದು ಓಡಿಹೋಗಿ ತನ್ನ ಜಾಗದಲ್ಲಿ ನಿಂತಿತು. ತೀರಿಹೋದವರ ಹೆಸರು, ಪೂರ್ತಿ, ಸ್ಪಷ್ಟವಾಗಿ, ಚಪ್ಪಾಳೆಯ ನಡುವೆ ಬಿತ್ತು.

ಚಪ್ಪಾಳೆ ನಿಂತಿತು. ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನೊಬ್ಬಾಕೆ ‘ಅಪಶಕುನ’ ಎಂದು ಪಿಸುಗುಟ್ಟಿದ್ದು ನನಗೆ ಕೇಳಿತು. ನಾನು ಮಗಳ ಕಡೆ ನೋಡಲಾರದೆ, ಅವರ ಕಡೆ ನೋಡಲಾರದೆ, ಎಲೆಯ ಮೇಲಿನ ಉಪ್ಪು ನೋಡುತ್ತ ಕುಳಿತೆ. ಐದು ವರ್ಷದಲ್ಲಿ ಎಂದೂ ಇಷ್ಟು ಒಂಟಿಯಾಗಿರಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಅವರು ಗಂಟಲು ಸರಿಮಾಡಿಕೊಂಡರು.

‘ಇದು ನನಗ ಗೊತ್ತಿದ್ದ ಒಡಪರಿ. ನಾ ಮೊದಲ ಕೇಳೀನಿ. ಈಗ ನಂದೊಂದು ಕೇಳ್ರಿ’ ಎಂದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು. ‘ಕೋರ್ಟಿನ ಮುಂದ ಬೇವಿನ ನೆರಳು, ಬರಿಯೋರ ಕೈಗೆ ಮಸಿ ಬೆರಳು, ——ನ ಹೆಸರ ಹೇಳಾಕ ನಾಚಿ ಬಿಗೀತೈತಿ ಕೊರಳು.’

ಅದು ನನ್ನ ಹೆಸರಲ್ಲ. ಅವರ ತೀರಿಕೊಂಡ ಹೆಂಡತಿಯ ಹೆಸರು. ಕಡೆಯ ಶಬ್ದಕ್ಕೆ ಬರುವಾಗ ಅವರ ಕೊರಳು ನಿಜಕ್ಕೂ ಬಿಗಿಯಿತು, ಒಡಪು ಅರ್ಧ ಗಾಳಿಯಲ್ಲೇ ಹೋಯಿತು.

ನಾದಿನಿ ಒಮ್ಮೆಲೇ ಅಳತೊಡಗಿದರು. ಅಳುತ್ತಲೇ ನಕ್ಕು, ‘ಇಬ್ಬರದೂ ಇನ್ನೊಂದೊಂದು ಒಡಪು ಉಳದೈತಿ, ನೆನಪಿರಲಿ’ ಎಂದರು. ಮಗಳು ಚೌಕಟ್ಟು ಬಿಟ್ಟು ಬಂದಳು. ಹೋಳಿಗೆಯ ಬುಟ್ಟಿ ತೆಗೆದುಕೊಂಡು ಅವರ ಎಲೆಯ ಮುಂದೆ ಬಗ್ಗಿ, ‘ಕಾಕಾ, ಇನ್ನೊಂದ ಹಾಕೋರಿ’ ಎಂದಳು. ಅವರು ಸಾಕು ಎಂದರು. ಅವಳು ಬಿಡದೆ ಹಾಕಿದಳು. ಖಾನಾವಳಿಯ ಮಾತನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನ. ಆದರೆ ಮದುವೆಯಾದ ಕೂಡಲೇ ಒಂಟಿತನ ಮೂಟೆ ಕಟ್ಟಿಕೊಂಡು ಹೋಗುತ್ತದೆ ಎಂದು ನಂಬಿದವಳು ನಾನು ದಡ್ಡಿ. ಮುಧೋಳದ ಆ ಮನೆ ಇನ್ನೊಬ್ಬಳ ಮನೆ. ಅಡುಗೆಮನೆಯ ಡಬ್ಬಿಗಳ ಮೇಲೆ ಕೆಂಪು ಉಗುರುಬಣ್ಣದಲ್ಲಿ ‘ಅಕ್ಕಿ’, ‘ಬ್ಯಾಳಿ’, ‘ಸಾಸಿವಿ’ ಎಂದು ಅವಳು ಬರೆದಿದ್ದಳು. ಒರೆಸಲು ಮನಸ್ಸಾಗಲಿಲ್ಲ. ಅವಳು ಬರೆದ ಡಬ್ಬಿಗಳಲ್ಲೇ ಆಯಾ ಸಾಮಾನು ತುಂಬುತ್ತಿದ್ದೆ. ಹಗಲೆಲ್ಲ ಅವರು ಜಮಖಂಡಿಯಲ್ಲಿ. ಮಗ್ಗದ ಸದ್ದಿಲ್ಲದ ಊರು, ಗುರುತಿಲ್ಲದ ಓಣಿ. ಬನಹಟ್ಟಿಯ ನೆಲದ ತೂತುಗಳು ನೆನಪಾಗುತ್ತಿದ್ದವು. ಸಂಜೆ ಅವರು ಬಂದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಬಲು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದೆವು. ‘ಚಾ ಮಾಡಲೇನ್ರಿ?’ ‘ಮಾಡ್ರಿ.’ ‘ಸಕ್ಕರಿ ಸಾಕೇನ್ರಿ?’ ‘ಸಾಕ್ರಿ.’ ಅಫಿಡವಿಟ್ಟಿಗೆ ಬಂದವರ ಮಾತಿನ ಹಾಗೆ.

ಎಲ್ಲಕ್ಕಿಂತ ದೊಡ್ಡ ತೊಡಕು ಅವರನ್ನು ಕರೆಯುವುದು. ಆ ಒಂಟಿ ‘ರೀ’ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಅದು ಬನಹಟ್ಟಿಯಲ್ಲಿ, ಬರಣಿ ಹಿಡಿದು ನಿಂತ ದಿನ, ಉತ್ತರ ಬಾರದೆ ಒಳಗೆ ಹೋದದ್ದು. ಊಟಕ್ಕೆ ಕರೆಯಬೇಕಾದರೆ ಪಡಸಾಲೆಯ ಬಾಗಿಲಿಗೆ ಹೋಗಿ ಕೆಮ್ಮುತ್ತಿದ್ದೆ. ಇಲ್ಲವೆ ತಟ್ಟೆಯ ಮೇಲೆ ಸೌಟು ಬಡಿಯುತ್ತಿದ್ದೆ. ಅವರು ಎದ್ದು ಬರುತ್ತಿದ್ದರು. ಒಂದು ದಿನವೂ ಏನೂ ಅನ್ನಲಿಲ್ಲ. ಕೆಮ್ಮು ಹೆಚ್ಚಾಗಿದೆ ಎಂದು ಒಮ್ಮೆ ಔಷಧಿ ಬಾಟಲಿ ತಂದಿಟ್ಟರು. ಅದು ಚೇಷ್ಟೆಯೋ ನಿಜವೋ ತಿಳಿಯದೆ ನಾನು ಕುಡಿದುಬಿಟ್ಟೆ.

ಐದು ತಿಂಗಳಾಗಿತ್ತು. ಒಂದು ರವಿವಾರ ಬೆಳಿಗ್ಗೆ, ರೊಟ್ಟಿ ಮು​ಗಿಸಿ ಏಳುವ ಹೊತ್ತಿಗೆ, ಮತದಾರರ ಪಟ್ಟಿಯ ಕೆಲಸಕ್ಕೆಂದು ಅಂಗನವಾಡಿಯ ಒಬ್ಬ ಹೆಣ್ಣುಮಗಳು ಬಂದಳು. ಕಟ್ಟೆಯ ಮೇಲೆ ಕುಳಿತು ಹಾಳೆ ಬಿಡಿಸಿದಳು. ನನ್ನ ಹೆಸರು ಕೇಳಿದಳು, ಹೇಳಿದೆ. ವಯಸ್ಸು ಕೇಳಿದಳು, ಹೇಳಿದೆ.

‘ಗಂಡನ ಹೆಸರ ಹೇಳ್ರಿ.’

ಹೇಳಲು ಬಾಯಿ ತೆರೆದೆ. ಜಮಖಂಡಿಯ ಅಂಗಡಿ ಸಾಲಿನಲ್ಲಿ ದೂರದಿಂದ ಕೂಗಿ ಕೇಳಿದ ಹೆಸರು. ಫೋನಿನಲ್ಲಿ ಬರೆದಿಟ್ಟುಕೊಂಡ ಹೆಸರು. ಮೂರು ವರ್ಷ ಸಲೀಸಾಗಿ ಹೇಳಿದ್ದು. ಅದು ಬರಲಿಲ್ಲ. ನಾಲಿಗೆಯ ಬುಡದಲ್ಲಿ ಬಂದು ಕುಳಿತಿದೆ, ಹೊರಗೆ ಬರುತ್ತಿಲ್ಲ. ಕಿವಿ ಬಿಸಿಯಾದವು. ಸೆರಗು ಎಳೆದುಕೊಂಡೆ.

‘ಏನ್ರಿ, ಮರ್ತೀರೇನ್ರಿ?’ ಎಂದಳು ಆಕೆ.

ಮರೆತಿರಲಿಲ್ಲ. ಎಂದು ಹೀಗಾಯಿತು, ಹೇಗಾಯಿತು, ನನಗೆ ಗೊತ್ತಾಗಿರಲಿಲ್ಲ ಅಷ್ಟೇ. ಒಳಗಿನ ಕಡೆಗೆ ಮುಖ ತಿರುಗಿಸಿದೆ.

‘ರೀ.’

ಒಳಗೆ ಏನೋ ಬಿದ್ದ ಸದ್ದಾಯಿತು. ಅವರು ಬಂದರು. ಗಡ್ಡಕ್ಕೆ ಹಚ್ಚಿದ ಸೋಪು ಅರ್ಧ ಮುಖಕ್ಕೆ ಹಾಗೆಯೇ ಇತ್ತು, ಕನ್ನಡಕ ಇರಲಿಲ್ಲ, ಒಂದೇ ಕಾಲಿಗೆ ಚಪ್ಪಲಿ. ಬಾಗಿಲಲ್ಲಿ ನಿಂತು ಆ ಹೆಣ್ಣುಮಗಳನ್ನು ನೋಡಲಿಲ್ಲ, ಹಾಳೆ ನೋಡಲಿಲ್ಲ, ನನ್ನನ್ನೇ ನೋಡಿದರು.

‘ಕರದೀ ಏನ?’ ಎಂದರು.

ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಮಾತಿನ ತುದಿಯಲ್ಲಿ ‘ರಿ’ ಇರಲಿಲ್ಲ.

‘ಹೂಂ’ ಎಂದೆ. ‘ನಿಮ್ಮ ಹೆಸರ ಕೇಳಾಕತ್ತಾರ, ಹೇಳ್ರಿ. ರೊಟ್ಟಿ ಆರತಾವ.’